ಎಎಂಎಲ್ ಬಂದಾಗ ಮೊದಲ ವಾರದಲ್ಲೇ ಕೇಳಿ: ಟ್ರಯಲ್ ಇದೆಯಾ?

ಚಿಕ್ಕಮಗಳೂರಿನಲ್ಲಿ ರಕ್ತದಾನಿಗಳು, ಆಶಾ ಕಾರ್ಯಕರ್ತೆಯರು ಮತ್ತು ರೋಗಿಗಳ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ಬೆಂಗಳೂರಿನಲ್ಲಿ ಬ್ಲಡ್ ಕ್ಯಾನ್ಸರ್ ಟ್ರಯಲ್‌ಗಳ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದವಳು. ಟ್ರಯಲ್ ಅಂದರೆ ಹೊಸ ಚಿಕಿತ್ಸೆಯನ್ನು ಒಪ್ಪಿದ ರೋಗಿಗಳಿಗೆ ಕೊಟ್ಟು, ಅದು ಕೆಲಸ ಮಾಡುತ್ತದಾ ಅಂತ ನೋಡುವ ಅಧ್ಯಯನ. ರೋಗಿಯ ಫೈಲು ನೋಡುವುದು, ಟ್ರಯಲ್‌ನ ಷರತ್ತುಗಳ ಪಟ್ಟಿ ಹಿಡಿದು ಒಂದೊಂದಾಗಿ ತಾಳೆ ಹಾಕುವುದು, ಒಪ್ಪಿಗೆ ಪತ್ರ ವಿವರಿಸುವಾಗ ಡಾಕ್ಟರ್ ಜೊತೆ ಕೂತು ಮನೆಯವರ ಅನುಮಾನಗಳನ್ನು ಕೇಳಿಸಿಕೊಳ್ಳುವುದು, ಮುಂದಿನ ವಿಸಿಟ್ ನೆನಪಿಸಲು ಫೋನ್ ಮಾಡುವುದು, ಇದೇ ನನ್ನ ಕೆಲಸವಾಗಿತ್ತು. ಹಾಸನ, ಚಿಕ್ಕಮಗಳೂರು ಕಡೆಯಿಂದ ಬರುವವರ ಫೈಲು ಕೈಗೆ ಬಂದಾಗಲೆಲ್ಲ ನನಗೆ ಒಂದೇ ಸಂಕಟ. ತುಂಬ ತಡವಾಗಿ ಬರುತ್ತಿದ್ದರು. "ಎಲ್ಲಾ ಕೀಮೋ ಮುಗೀತು ಮೇಡಂ, ಇನ್ನೇನೂ ಮಾಡಕ್ಕಾಗಲ್ಲ ಅಂದ್ರು, ಯಾವುದಾದ್ರೂ ಟ್ರಯಲ್ ಇದ್ರೆ ಹಾಕ್ಕೊಳ್ಳಿ" ಅಂತ ಕೇಳುವ ಹೊತ್ತಿಗೆ ಆ ರೋಗಿ ಎದ್ದು ನಡೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಕಿಡ್ನಿ ಸೋತಿರುತ್ತಿತ್ತು, ಎದೆಯಲ್ಲಿ ಸೋಂಕು ಇರುತ್ತಿತ್ತು. ಷರತ್ತಿನ ಪಟ್ಟಿಯ ಮೊದಲ ಪುಟದಲ್ಲೇ ಬಾಗಿಲು ಮುಚ್ಚಿಬಿಡುತ್ತಿತ್ತು.

ಅದಕ್ಕೇ ಇವತ್ತು ಹೇಳಲು ಬಂದಿರುವುದು ಒಂದೇ ವಿಷಯ. ಟ್ರಯಲ್ ಬಗ್ಗೆ ಕೇಳಬೇಕಾದ್ದು ಕೊನೆಯಲ್ಲಿ ಅಲ್ಲ. ರೋಗ ಗೊತ್ತಾದ ಮೊದಲ ವಾರದಲ್ಲಿ, ಸಾಧ್ಯವಾದರೆ ಮೊದಲ ಕೀಮೋ ಬಾಟಲಿ ಏರುವ ಮುಂಚೆ ಕೇಳಬೇಕು. ಆಮೇಲೆ ಚಿಕಿತ್ಸೆ ದಾರಿ ಬದಲಾಗುವ ಪ್ರತಿ ಹಂತದಲ್ಲೂ ಮತ್ತೆ ಕೇಳಬೇಕು.

ಎಎಂಎಲ್ ಅಂದರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ವೇಗವಾಗಿ ಬೆಳೆಯುವ ಬ್ಲಡ್ ಕ್ಯಾನ್ಸರ್. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ, ಅಲ್ಲೇ ಬಲಿತು ರಕ್ತಕ್ಕೆ ಬರುತ್ತವೆ. ಈ ರೋಗದಲ್ಲಿ ಬಲಿಯದ ಕಣಗಳೇ ಮಜ್ಜೆಯನ್ನು ತುಂಬಿಕೊಳ್ಳುತ್ತವೆ. ಕಾಫಿ ನರ್ಸರಿಯಲ್ಲಿ ಎಂದೂ ಗಿಡವಾಗದ ಸಸಿಗಳೇ ಪಾತಿ ತುಂಬಿಕೊಂಡು, ಒಳ್ಳೆ ಸಸಿಗೆ ಜಾಗವೇ ಉಳಿಯದ ಹಾಗೆ. ಇವಕ್ಕೆ ಬ್ಲಾಸ್ಟ್ ಅನ್ನುತ್ತಾರೆ. ಸಾಮಾನ್ಯವಾಗಿ ಮಜ್ಜೆಯಲ್ಲಿ ಅಥವಾ ರಕ್ತದಲ್ಲಿ ಬ್ಲಾಸ್ಟ್ 20% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಎಂಎಲ್ ಅಂತ ಹೇಳುತ್ತಾರೆ. ಕೆಂಪು ಕಣ ಇಳಿದು ಸುಸ್ತು, ಪ್ಲೇಟ್ಲೆಟ್ ಇಳಿದು ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಒಳ್ಳೆ ಬಿಳಿ ಕಣ ಇಲ್ಲದೆ ಬಿಡದ ಜ್ವರ.

ಇಲ್ಲೇ ನಮ್ಮ ಕಡೆಯ ಒಂದು ತೊಡಕಿದೆ. ಮಳೆಗಾಲದಲ್ಲಿ ಜ್ವರ ಬಂದು ಪ್ಲೇಟ್ಲೆಟ್ ಇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಡೆಂಗಿ. ಬೇಸಿಗೆಯಲ್ಲಿ ಕೊಪ್ಪ, ನರಸಿಂಹರಾಜಪುರದ ಕಡೆಯಾದರೆ ಮಂಗನ ಕಾಯಿಲೆ. ತಪ್ಪೇನಿಲ್ಲ, ಹೆಚ್ಚಿನ ಸಲ ಅದೇ ಆಗಿರುತ್ತದೆ. ಆದರೆ ಡೆಂಗಿಯಲ್ಲಿ ಇಳಿದ ಪ್ಲೇಟ್ಲೆಟ್ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ಏರಬೇಕು. ಏರದಿದ್ದರೆ, ಜೊತೆಗೆ ಹಿಮೋಗ್ಲೋಬಿನ್ ಕೂಡ ತುಂಬಾ ಕಡಿಮೆ ಇದ್ದರೆ, ಬಿಳಿ ಕಣ ವಿಪರೀತ ಜಾಸ್ತಿ ಅಥವಾ ವಿಪರೀತ ಕಡಿಮೆ ಇದ್ದರೆ, ರಕ್ತದ ಸ್ಮಿಯರ್ ನೋಡಿಸಿ. ಮೆಷಿನ್ ಎಣಿಸಿ ಕೊಟ್ಟ ರಿಪೋರ್ಟ್ ಸಾಲದು, ಪೆಥಾಲಜಿಸ್ಟ್ ಗಾಜಿನ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಬೇಕು. ದೊಡ್ಡ ಖರ್ಚಿನ ಪರೀಕ್ಷೆ ಅಲ್ಲ ಅದು. ಆಶಾ ಅಕ್ಕಂದಿರು ಇಲ್ಲಿದ್ದೀರಿ, ಇದೊಂದನ್ನು ಮನೆಮನೆಗೆ ಹೇಳಿ.

ಸ್ಮಿಯರ್‌ನಲ್ಲಿ ಬ್ಲಾಸ್ಟ್ ಕಂಡರೆ ಮುಂದಿನದು ಬೋನ್ ಮ್ಯಾರೋ, ಅಂದರೆ ಮಜ್ಜೆಯ ಪರೀಕ್ಷೆ, ಕಣಗಳ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿ, ಕ್ರೋಮೋಸೋಮ್ ಪರೀಕ್ಷೆ, ಜೀನ್ ಪರೀಕ್ಷೆ. ಕೊನೆಯ ಎರಡನ್ನು ದಯವಿಟ್ಟು ಬಿಡಬೇಡಿ. "ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯ್ತಲ್ಲ, ಇನ್ಯಾಕೆ ಅಷ್ಟು ದುಡ್ಡು ಕೊಟ್ಟು ಟೆಸ್ಟು" ಅಂತ ಮನೆಯವರು ಕೇಳುತ್ತಾರೆ. ಯಾಕೆ ಅಂದರೆ, ಎಎಂಎಲ್ ಒಂದೇ ರೋಗ ಅಲ್ಲ. ಎಫ್‌ಎಲ್‌ಟಿ3, ಎನ್‌ಪಿಎಂ1, ಐಡಿಎಚ್1, ಐಡಿಎಚ್2, ಟಿಪಿ53 ಹೀಗೆ ಯಾವ ಜೀನಿನಲ್ಲಿ ಬದಲಾವಣೆ ಆಗಿದೆ ಅನ್ನುವುದರ ಮೇಲೆ ಔಷಧವೂ ಬದಲಾಗುತ್ತದೆ, ಯಾವ ಟ್ರಯಲ್‌ಗೆ ಹೊಂದುತ್ತೀರಿ ಅನ್ನುವುದೂ ಬದಲಾಗುತ್ತದೆ. ಈ ರಿಪೋರ್ಟ್ ಇಲ್ಲದೆ ಕೋಆರ್ಡಿನೇಟರ್‌ಗೆ ಫೋನ್ ಮಾಡಿದರೆ ಅವರು ಏನೂ ಹೇಳಲಾರರು.

ರಿಪೋರ್ಟ್ ಬರುವ ತನಕ ಕಾಯಬಹುದಾ ಅಂತ ಅರಸೀಕೆರೆಯ ಒಬ್ಬ ಅಣ್ಣ ಕೇಳಿದರು. ಅಮೆರಿಕದಲ್ಲಿ ಬೀಟ್ ಎಎಂಎಲ್ ಅಂತ ಒಂದು ದೊಡ್ಡ ಟ್ರಯಲ್ ಇದನ್ನೇ ನೋಡಿತು. 60 ವರ್ಷ ದಾಟಿದ 395 ರೋಗಿಗಳಲ್ಲಿ 374 ಜನರಿಗೆ 7 ದಿನದೊಳಗೆ ಜೀನ್ ರಿಪೋರ್ಟ್ ಕೊಟ್ಟು, ಅದರ ಪ್ರಕಾರ ಚಿಕಿತ್ಸೆ ಹಂಚಲು ಸಾಧ್ಯವಾಯಿತು. 2020ರಲ್ಲಿ ಪ್ರಕಟವಾಯಿತು. ಅಂದರೆ ರೋಗಿಯ ಸ್ಥಿತಿ ಗಟ್ಟಿ ಇದ್ದರೆ ಕೆಲವು ದಿನ ಕಾಯಬಹುದು. ಆದರೆ ಕಾಯಬಹುದು ಅಂತ ತೀರ್ಮಾನ ಮಾಡಬೇಕಾದ್ದು ಹಿಮಟಾಲಜಿಸ್ಟ್, ಅಂದರೆ ರಕ್ತರೋಗದ ಡಾಕ್ಟರ್, ನಾವಲ್ಲ. ಬಿಳಿ ಕಣ ವಿಪರೀತ ಏರಿ ಉಸಿರಾಟಕ್ಕೆ, ತಲೆಗೆ ತೊಂದರೆ ಶುರುವಾಗಿದ್ದರೆ ಒಂದು ದಿನವೂ ಕಾಯುವಂತಿಲ್ಲ. ಅಂಥ ಹೊತ್ತಿನಲ್ಲಿ ಬಿಳಿ ಕಣ ಇಳಿಸಲು ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಕೊಡುವುದುಂಟು. ಅದನ್ನು ತೆಗೆದುಕೊಂಡಿದ್ದರೂ ಬಹಳಷ್ಟು ಟ್ರಯಲ್‌ಗಳು ಸೇರಿಸಿಕೊಳ್ಳುತ್ತವೆ. ಪೂರ್ತಿ ಕೀಮೋ ಶುರುವಾಗಿಬಿಟ್ಟರೆ ಮಾತ್ರ, ಹೊಸ ರೋಗಿಗಳಿಗಾಗಿ ಇರುವ ಟ್ರಯಲ್‌ಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ. ಮೊದಲ ವಾರ ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಕಾಯಲೇಬಾರದ ಒಂದು ಬಗೆಯ ಎಎಂಎಲ್ ಇದೆ. ಎಂ3 ಅನ್ನುತ್ತಾರೆ, ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಅಂತಲೂ ಹೆಸರು. ಇದರಲ್ಲಿ ಮೆದುಳಿನಲ್ಲಿ, ಶ್ವಾಸಕೋಶದಲ್ಲಿ ರಕ್ತಸ್ರಾವ ಆಗುವ ಭಯ ಜಾಸ್ತಿ. ಅನುಮಾನ ಬಂದ ಗಳಿಗೆಯಲ್ಲೇ, ಜೀನ್ ರಿಪೋರ್ಟಿಗೂ ಕಾಯದೆ, ಆಟ್ರಾ ಅನ್ನುವ ಕ್ಯಾಪ್ಸೂಲ್ ಶುರು ಮಾಡುತ್ತಾರೆ. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಎಎಂಎಲ್‌ನಲ್ಲೇ ಅತಿ ಹೆಚ್ಚು ಗುಣವಾಗುವ ರೋಗ ಇದು.

ಟ್ರಯಲ್ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಎಂ3 ಕಥೆಯನ್ನೇ ಹೇಳುವುದು. ಒಂದು ಕಾಲಕ್ಕೆ ಜನ ದಿನಗಳಲ್ಲೇ ತೀರಿಹೋಗುತ್ತಿದ್ದ ರೋಗ. 1970ರ ದಶಕದಲ್ಲಿ ಚೀನಾದ ಹಾರ್ಬಿನ್ ಊರಿನ ಡಾಕ್ಟರುಗಳು ಆರ್ಸೆನಿಕ್, ಹೌದು, ಪಾಷಾಣವನ್ನೇ, ಅಳತೆ ನೋಡಿ ರಕ್ತನಾಳಕ್ಕೆ ಕೊಟ್ಟು ನೋಡಿದರು. 1980ರ ದಶಕದಲ್ಲಿ ಶಾಂಘೈಯಲ್ಲಿ ವಾಂಗ್ ಝೆನ್‌ಯಿ ಅವರ ತಂಡ ಆಟ್ರಾ ಕೊಟ್ಟು ನೋಡಿತು. ಆಮೇಲೆ ನಮ್ಮ ವೆಲ್ಲೂರಿನ ಸಿಎಂಸಿ. ಇಲ್ಲಿ ಕೂತವರಲ್ಲಿ ಎಷ್ಟು ಜನ ಕಾಟ್ಪಾಡಿ ಸ್ಟೇಷನ್ನಿನಲ್ಲಿ ಇಳಿದಿದ್ದೀರಿ ಅಂತ ನನಗೆ ಗೊತ್ತು. ಆ ಆಸ್ಪತ್ರೆಯಲ್ಲಿ 1998ರಿಂದ 2004ರವರೆಗೆ, ಹೊಸದಾಗಿ ಎಂ3 ಪತ್ತೆಯಾದ 72 ರೋಗಿಗಳಿಗೆ ಆರ್ಸೆನಿಕ್ ಒಂದನ್ನೇ ಮುಖ್ಯ ಔಷಧವಾಗಿ ಕೊಟ್ಟರು. ದುಬಾರಿ ಚಿಕಿತ್ಸೆ ಕೈಗೆಟುಕದ ದೇಶದಲ್ಲಿ ಇದು ಸಾಕಾಗುತ್ತದಾ ಅನ್ನುವುದೇ ಪ್ರಶ್ನೆ. 62 ಜನರಲ್ಲಿ ರೋಗ ಪೂರ್ತಿ ಹಿಂದೆ ಸರಿಯಿತು, 86%. 2006ರಲ್ಲಿ ಇದು ಪ್ರಕಟವಾದಾಗ ಜಗತ್ತೇ ಗಮನಿಸಿತು. 2013ರಲ್ಲಿ ಇಟಲಿ ಮತ್ತು ಜರ್ಮನಿಯ ಡಾಕ್ಟರುಗಳು ಸೇರಿ ಮಾಡಿದ ಟ್ರಯಲ್‌ನಲ್ಲಿ, ಅಪಾಯ ಕಡಿಮೆ ಇರುವ ಎಂ3 ರೋಗಿಗಳಿಗೆ ಆಟ್ರಾ ಮತ್ತು ಆರ್ಸೆನಿಕ್ ಎರಡೇ ಸಾಕು, ಮಾಮೂಲಿ ಕೀಮೋ ಬೇಕಿಲ್ಲ ಅಂತ ತೋರಿತು. ಇವತ್ತು ನಿಮ್ಮೂರಿನ ಯಾವುದಾದರೂ ಹುಡುಗನಿಗೆ ಎಂ3 ಬಂದು ಅವನು ಗುಣವಾಗಿ ಕಾಲೇಜಿಗೆ ಹೋಗುತ್ತಿದ್ದರೆ, ವೆಲ್ಲೂರಿನ ಆ 72 ಜನ ಒಪ್ಪಿ ಸಹಿ ಹಾಕಿದ್ದೂ ಅದಕ್ಕೆ ಕಾರಣ.

ಉಳಿದ ಎಎಂಎಲ್‌ಗಳಲ್ಲಿ ದಾರಿ ಇಷ್ಟು ಸುಲಭವಾಗಿಲ್ಲ. ಏಳು ದಿನ ಸೈಟರಾಬಿನ್, ಮೂರು ದಿನ ಡೌನೋರುಬಿಸಿನ್, ಇದಕ್ಕೆ ಆಸ್ಪತ್ರೆಯಲ್ಲಿ ಸೆವೆನ್ ಪ್ಲಸ್ ತ್ರೀ ಅಂತಲೇ ಕರೆಯುತ್ತಾರೆ, 1973ರಿಂದ ಬಂದ ಚಿಕಿತ್ಸೆ. ತುಂಬಾ ವರ್ಷ ಅದೇ ನಡೆಯಿತು. 2017ರಿಂದ ಈಚೆಗೆ ಒಂದರ ಹಿಂದೆ ಒಂದು ಹೊಸ ಔಷಧ ಬಂದವು, ಎಲ್ಲವೂ ಟ್ರಯಲ್ ಮೂಲಕವೇ. ಕೀಮೋ ತಡೆಯಲಾರದ ವಯಸ್ಸಾದವರಿಗೆ ಅಜಾಸಿಟಿಡಿನ್ ಇಂಜೆಕ್ಷನ್ ಜೊತೆ ವೆನಿಟೊಕ್ಲಾಕ್ಸ್ ಮಾತ್ರೆ ಕೊಡುವುದು ಈಗ ಇಲ್ಲೂ ರೂಢಿಗೆ ಬಂದಿದೆ. ಅದು ಬಂದಿದ್ದು ವಿಯಾಲೆ-ಎ ಅನ್ನುವ, 431 ಜನರ ಟ್ರಯಲ್‌ನಿಂದ. ಎರಡೂ ಔಷಧ ಸಿಕ್ಕವರಲ್ಲಿ ಬದುಕಿದ ಕಾಲದ ನಡುಮಟ್ಟ 14.7 ತಿಂಗಳು, ಅಜಾಸಿಟಿಡಿನ್ ಮಾತ್ರ ಸಿಕ್ಕವರಲ್ಲಿ 9.6 ತಿಂಗಳು. ನಡುಮಟ್ಟ ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ, ಅರ್ಧ ಜನ ಕಡಿಮೆ ಕಾಲ ಬದುಕಿದರು. ಈ ಅಂಕಿಯನ್ನು ಬೇಕೆಂದೇ ಹೇಳುತ್ತಿದ್ದೇನೆ. ಪವಾಡ ಅಲ್ಲ ಇದು. ಐದು ತಿಂಗಳು. ಮನೆಯಲ್ಲಿ ಅಜ್ಜ ಇದ್ದವರಿಗೆ ಆ ಐದು ತಿಂಗಳ ಬೆಲೆ ಗೊತ್ತಿರುತ್ತದೆ, ಆದರೆ ಟ್ರಯಲ್‌ಗೆ ಸೇರಿದರೆ ರೋಗ ಹೋಗೇ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಹುಡುಕುವುದು ಹೇಗೆ. ನಮ್ಮ ದೇಶದ ಟ್ರಯಲ್‌ಗಳ ಪಟ್ಟಿ ಸರ್ಕಾರದ್ದೇ ಇದೆ, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ, ಚಿಕ್ಕದಾಗಿ ಸಿಟಿಆರ್‌ಐ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2007ರ ಜುಲೈನಲ್ಲಿ ಶುರು ಮಾಡಿತು. 2009ರ ಜೂನ್‌ನಿಂದ ಔಷಧ ಟ್ರಯಲ್‌ಗಳು ಇಲ್ಲಿ ನೋಂದಣಿ ಆಗಲೇಬೇಕು, 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವ ಮುಂಚೆಯೇ ನೋಂದಣಿ ಆಗಿರಬೇಕು. ನೋಡಲು ದುಡ್ಡು ಕೊಡಬೇಕಿಲ್ಲ, ಮೊಬೈಲಿನಲ್ಲೇ ತೆರೆಯುತ್ತದೆ. ಪುಟ ಇಂಗ್ಲಿಷಿನಲ್ಲಿದೆ, ಅದೊಂದು ತೊಂದರೆ ನಿಜ. ಮನೆಯಲ್ಲಿ ಪಿಯುಸಿ, ಡಿಗ್ರಿ ಓದುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ.

ಹುಡುಕುವಾಗ ಲ್ಯುಕೇಮಿಯಾವನ್ನು ಎರಡೂ ಸ್ಪೆಲ್ಲಿಂಗ್‌ನಲ್ಲಿ ಹಾಕಿ. ಬ್ರಿಟಿಷ್ ಬರವಣಿಗೆಯಲ್ಲಿ ಒಂದು ಎ ಅಕ್ಷರ ಜಾಸ್ತಿ ಇರುತ್ತದೆ, ಅಮೆರಿಕದ್ದರಲ್ಲಿ ಇರಲ್ಲ. ಒಂದನ್ನೇ ಹಾಕಿದರೆ ಕೆಲವು ಟ್ರಯಲ್‌ಗಳು ಕಣ್ಣಿಗೇ ಬೀಳದೆ ಹೋಗಬಹುದು. ಬಂದ ಪಟ್ಟಿಯಲ್ಲಿ ಎಲ್ಲವೂ ಔಷಧದ ಟ್ರಯಲ್ ಅಲ್ಲ. ಸುಮ್ನೆ ರೋಗಿಗಳ ಮಾಹಿತಿ ಸಂಗ್ರಹಿಸುವ ಅಧ್ಯಯನಗಳೂ ಇರುತ್ತವೆ, ಅವಕ್ಕೆ ಅಬ್ಸರ್ವೇಷನಲ್ ಅಂತ ಬರೆದಿರುತ್ತದೆ. ನಮಗೆ ಬೇಕಾದ್ದು ಇಂಟರ್ವೆನ್ಷನಲ್, ಅಂದರೆ ಚಿಕಿತ್ಸೆ ಕೊಟ್ಟು ನೋಡುವಂಥದ್ದು. ಆಮೇಲೆ ರೋಗಿಗಳನ್ನು ತೆಗೆದುಕೊಳ್ಳುತ್ತಿದ್ದಾರಾ ಅನ್ನುವ ಸಾಲು ನೋಡಿ. ಅದು ಎರಡು ಕಡೆ ಇರುತ್ತದೆ, ಒಂದು ಇಡೀ ಜಗತ್ತಿಗೆ, ಒಂದು ಭಾರತಕ್ಕೆ. ಭಾರತದ ಸಾಲಿನಲ್ಲಿ ಓಪನ್ ಟು ರಿಕ್ರೂಟ್‌ಮೆಂಟ್ ಅಂತ ಇದ್ದರೆ ಮಾತ್ರ ಮುಂದೆ ಓದಿ. ಆಸ್ಪತ್ರೆಗಳ ಪಟ್ಟಿ ಅದೇ ಪುಟದಲ್ಲಿದೆ, ಊರಿನ ಹೆಸರು ಸಮೇತ. ಯಾರು ಸೇರಬಹುದು, ಯಾರು ಸೇರುವಂತಿಲ್ಲ ಅನ್ನುವ ಎರಡು ಪಟ್ಟಿ ಇದೆ. ಸಾರ್ವಜನಿಕರು ಯಾರನ್ನು ಕೇಳಬೇಕು ಅಂತ ಹೆಸರು, ಫೋನ್ ನಂಬರ್, ಇಮೇಲ್ ಕೂಡ ಕೊಟ್ಟಿರುತ್ತಾರೆ. ಇಷ್ಟೊಂದು ಮಾಹಿತಿ ಯಾರು ಬೇಕಾದರೂ ನೋಡುವ ಹಾಗೆ ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ, ಅದೇ ನನಗೆ ಬೇಸರ.

ಅಮೆರಿಕ ಸರ್ಕಾರದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಕೂಡ ನೋಡಿ, 2000ನೇ ಇಸವಿಯಿಂದ ಇದೆ. ಅಲ್ಲಿ ದೇಶದ ಜಾಗದಲ್ಲಿ ಇಂಡಿಯಾ ಹಾಕಿ, ರಿಕ್ರೂಟಿಂಗ್ ಅನ್ನುವುದನ್ನು ಆರಿಸಿ. ವಿದೇಶಿ ಕಂಪನಿಗಳ ದೊಡ್ಡ ಟ್ರಯಲ್‌ಗಳು ಇಲ್ಲಿ ಬೇಗ ಸಿಗುತ್ತವೆ. ಎರಡೂ ಕಡೆ ಬರೆದದ್ದು ಕೆಲವೊಮ್ಮೆ ಹಳತಾಗಿರುತ್ತದೆ, ಹಾಗಾಗಿ ಫೋನ್ ಮಾಡದೆ ಬಸ್ಸು ಹತ್ತಬೇಡಿ.

ಫೋನ್ ಮಾಡಿದಾಗ ಏನು ಹೇಳಬೇಕು? ನಾನು ಆ ಕಡೆ ಕೂತು ಫೋನ್ ಎತ್ತಿದವಳು, ಅದಕ್ಕೇ ಹೇಳುತ್ತೇನೆ. ರೋಗಿಯ ವಯಸ್ಸು. ಎಎಂಎಲ್ ಅಂತ ಯಾವಾಗ ಗೊತ್ತಾಯಿತು. ಚಿಕಿತ್ಸೆ ಶುರುವಾಗಿದೆಯಾ, ಆಗಿದ್ದರೆ ಏನು ಕೊಟ್ಟಿದ್ದಾರೆ, ರೋಗ ಕಡಿಮೆಯಾಗಿ ಮತ್ತೆ ಬಂದಿದೆಯಾ ಅಥವಾ ಕಡಿಮೆಯೇ ಆಗಿಲ್ಲವಾ. ಜೀನ್ ರಿಪೋರ್ಟಿನಲ್ಲಿ ಏನಿದೆ. ರೋಗಿ ಎದ್ದು ಓಡಾಡುತ್ತಾರಾ, ತಮ್ಮ ಸ್ನಾನ ಊಟ ತಾವೇ ಮಾಡಿಕೊಳ್ಳುತ್ತಾರಾ. ಇಷ್ಟು ಹೇಳಿದರೆ ಆ ಕಡೆಯವರು ಅಲ್ಲೇ ಅರ್ಧ ಉತ್ತರ ಕೊಡಬಲ್ಲರು. ಉಳಿದದ್ದಕ್ಕೆ ಡಿಸ್ಚಾರ್ಜ್ ಸಮ್ಮರಿ, ಮ್ಯಾರೋ ರಿಪೋರ್ಟ್, ಜೀನ್ ರಿಪೋರ್ಟ್, ಇತ್ತೀಚಿನ ರಕ್ತ ಪರೀಕ್ಷೆ, ಎದೆಯ ಎಕೋ ಇವನ್ನೆಲ್ಲ ಒಂದೇ ಪಿಡಿಎಫ್ ಮಾಡಿ ಕಳಿಸಿ. ಮಡಚಿದ ಹಾಳೆಗಳನ್ನು ಬೇರೆಬೇರೆ ಫೋಟೋ ತೆಗೆದು ಮಬ್ಬುಮಬ್ಬಾಗಿ ಕಳಿಸಿದರೆ ಓದಲು ಆಗುವುದೇ ಇಲ್ಲ. ಮ್ಯಾರೋ ಸ್ಲೈಡುಗಳನ್ನು ಲ್ಯಾಬಿನಿಂದ ಕೇಳಿ ಇಟ್ಟುಕೊಳ್ಳಿ. ಹೊಸ ಆಸ್ಪತ್ರೆಯವರು ಅವನ್ನು ತಾವೇ ಮತ್ತೆ ನೋಡುತ್ತಾರೆ.

ಇದಕ್ಕಿಂತ ಸುಲಭದ ದಾರಿಯೂ ಇದೆ. ನಿಮ್ಮನ್ನು ನೋಡುತ್ತಿರುವ ಹಿಮಟಾಲಜಿಸ್ಟ್ ಹತ್ತಿರ ನೇರವಾಗಿ ಕೇಳಿ: "ಡಾಕ್ಟ್ರೇ, ಇವರಿಗೆ ಹೊಂದುವ ಟ್ರಯಲ್ ಇಲ್ಲಿ ಅಥವಾ ಬೇರೆ ಕಡೆ ಇದೆಯಾ?" ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ನಮ್ಮವರು ಹಿಂಜರಿಯುತ್ತಾರೆ. ಆಗಲ್ಲ. ಬೆಂಗಳೂರಿನ ಕಿದ್ವಾಯಿ, ಮಣಿಪಾಲದ ಕೆಎಂಸಿ, ವೆಲ್ಲೂರಿನ ಸಿಎಂಸಿ, ಮುಂಬೈಯ ಟಾಟಾ ಹೀಗೆ ದೊಡ್ಡ ಕ್ಯಾನ್ಸರ್ ವಿಭಾಗ ಇರುವ ಕಡೆಯ ಡಾಕ್ಟರುಗಳಿಗೆ ಪರಸ್ಪರ ಪರಿಚಯ ಇರುತ್ತದೆ. ಒಂದು ಫೋನ್ ಸಾಕಾಗುತ್ತದೆ ಎಷ್ಟೋ ಸಲ.

ಹೊಂದಲಿಲ್ಲ ಅಂದರೆ ಏನು? ಹೆಚ್ಚಿನ ಸಲ ಹಾಗೇ ಆಗುವುದು. ಮೈಡೋಸ್ಟಾರಿನ್ ಅನ್ನುವ ಔಷಧದ ಟ್ರಯಲ್‌ಗೆ 17 ದೇಶಗಳಲ್ಲಿ 3277 ಜನರನ್ನು ಪರೀಕ್ಷೆ ಮಾಡಿ ಕೊನೆಗೆ ಸೇರಿಸಿಕೊಂಡಿದ್ದು 717 ಜನರನ್ನು. ಉಳಿದವರಲ್ಲಿ ಬಹುಪಾಲು ಜನರಿಗೆ ಎಫ್‌ಎಲ್‌ಟಿ3 ಬದಲಾವಣೆ ಇರಲಿಲ್ಲ, ಅಷ್ಟೇ. ಔಷಧ ಇರುವುದೇ ಆ ಬದಲಾವಣೆಗೆ, ಹಾಗಾಗಿ ಅವರನ್ನು ಸೇರಿಸಿದರೆ ಅವರಿಗೇ ನಷ್ಟ. ಕಿಡ್ನಿ, ಲಿವರ್, ಹೃದಯದ ಷರತ್ತುಗಳೂ ಹಾಗೇ, ರೋಗಿಯ ಜೀವ ಕಾಯುವುದಕ್ಕೆ ಇರುವವು. ಇದರಲ್ಲಿ ವಶೀಲಿ ನಡೆಯುವುದಿಲ್ಲ, ಯಾರಿಂದ ಫೋನ್ ಮಾಡಿಸಿದರೂ ನಡೆಯಬಾರದು.

ಮುಚ್ಚಿಡಬಾರದ ಇನ್ನೊಂದು ವಿಷಯ. ನಾಟಿ ಔಷಧಿ, ಕಷಾಯ, ಯಾರೋ ಕೊಟ್ಟ ಪುಡಿ, ಏನು ತೆಗೆದುಕೊಂಡಿದ್ದರೂ ಹೇಳಿ. ಬೈತಾರೆ ಅಂತ ಎಷ್ಟೋ ಮನೆಯವರು ಹೇಳುವುದಿಲ್ಲ. ಫಂಗಸ್‌ಗೆ ಕೊಡುವ ಪೊಸಕೊನಜೋಲ್ ಅನ್ನುವ ಮಾಮೂಲಿ ಮಾತ್ರೆಯೇ ರಕ್ತದಲ್ಲಿ ವೆನಿಟೊಕ್ಲಾಕ್ಸ್ ಪ್ರಮಾಣವನ್ನು ಜೋರಾಗಿ ಏರಿಸುತ್ತದೆ, ಅದಕ್ಕೇ ಡೋಸ್ ತಗ್ಗಿಸುತ್ತಾರೆ. ಇನ್ನು ಹೆಸರೇ ಗೊತ್ತಿಲ್ಲದ ಪುಡಿ ಏನು ಮಾಡೀತು ಅಂತ ಯಾರಿಗೂ ಗೊತ್ತಾಗಲ್ಲ.

"ನಮ್ಮನ್ನು ಪ್ರಯೋಗಕ್ಕೆ ಇಲಿ ಮಾಡ್ಕೊತಾರಾ?" ಬೇಲೂರಿನ ಕಡೆಯ ಒಬ್ಬ ಯಜಮಾನರು ಎದ್ದು ನಿಂತು ಕೇಳಿದರು. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ದೇಶದಲ್ಲಿ ಒಪ್ಪಿಗೆಯನ್ನೇ ಸರಿಯಾಗಿ ಪಡೆಯದ ಟ್ರಯಲ್‌ಗಳ ಬಗ್ಗೆ ಸುಪ್ರೀಂ ಕೋರ್ಟಿನ ತನಕ ದೂರು ಹೋಗಿತ್ತು. ಆಮೇಲೆ ನಿಯಮ ಬಿಗಿಯಾಯಿತು. ಈಗ ಇರುವುದು 2019ರ ಮಾರ್ಚ್‌ನಲ್ಲಿ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಅದರ ಪ್ರಕಾರ ಟ್ರಯಲ್ ಶುರುವಾಗಲು ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳ ಹಕ್ಕು, ಹಿತ ಕಾಯುವ ಸಮಿತಿ, ಒಪ್ಪಬೇಕು. ಕಮಿಟಿಯಲ್ಲಿ ಕನಿಷ್ಠ ಏಳು ಜನ, ಅವರಲ್ಲಿ ಡಾಕ್ಟರ್ ಅಲ್ಲದ ಸಾಮಾನ್ಯರೊಬ್ಬರು, ಕಾನೂನು ತಿಳಿದವರೊಬ್ಬರು, ಒಬ್ಬ ಮಹಿಳೆಯಾದರೂ ಇರಬೇಕು, ಅಧ್ಯಕ್ಷರು ಆ ಆಸ್ಪತ್ರೆಯ ಹೊರಗಿನವರಾಗಿರಬೇಕು. ಮಾಹಿತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದ್ದು ಕೊಡಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಓದಲು ಬಾರದವರಿಗೆ, ಟ್ರಯಲ್ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ಮನೆಗೆ ತಂದು, ಮಗಳು, ಅಳಿಯ, ಊರಿನ ಡಾಕ್ಟರು, ಯಾರ ಹತ್ತಿರ ಬೇಕಾದರೂ ತೋರಿಸಿ ಆಮೇಲೆ ಸಹಿ ಹಾಕಬಹುದು.

ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು. ಕಾರಣ ಕೊಡಬೇಕಿಲ್ಲ, ಹೊರಗೆ ಬಂದಿದ್ದಕ್ಕೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಟ್ರಯಲ್‌ನಿಂದ ದೇಹಕ್ಕೆ ತೊಂದರೆಯಾದರೆ ಉಚಿತ ಚಿಕಿತ್ಸೆ, ಜೊತೆಗೆ ನಿಯಮದ ಲೆಕ್ಕದಂತೆ ಪರಿಹಾರ. ಒಪ್ಪಿಗೆ ಪತ್ರದಲ್ಲಿ ನಾಮಿನಿ ಹೆಸರು, ವಾರ್ಷಿಕ ಆದಾಯ ಕೇಳುವುದು ಇದಕ್ಕೇ, ಗಾಬರಿ ಬೇಡ. ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಅದರಲ್ಲೇ ಇರುತ್ತದೆ. ಏನಾದರೂ ಸರಿಯಿಲ್ಲ ಅನಿಸಿದರೆ ಆಸ್ಪತ್ರೆಯವರನ್ನು ಕೇಳದೇ ಅಲ್ಲಿಗೇ ಫೋನ್ ಮಾಡಬಹುದು.

ಆ ಯಜಮಾನರ ಜೊತೆಗಿದ್ದ ಹುಡುಗಿ ಕೇಳಿದ್ದು ಇನ್ನೂ ಸರಿಯಾದ ಪ್ರಶ್ನೆ: "ನಮ್ಮ ಅಪ್ಪನಿಗೆ ಬರೀ ಸಕ್ಕರೆ ಮಾತ್ರೆ ಕೊಟ್ಟರೆ?" ಎಎಂಎಲ್‌ನಂಥ ರೋಗದಲ್ಲಿ ಕಾಯಿಲೆ ಇನ್ನೂ ಇಳಿಯದಿರುವಾಗ, ಚಿಕಿತ್ಸೆ ತಡೆಯಬಲ್ಲ ರೋಗಿಗೆ ಬರೀ ಪ್ಲಾಸಿಬೊ, ಅಂದರೆ ಔಷಧವಿಲ್ಲದ ಮಾತ್ರೆ, ಕೊಟ್ಟು ಸುಮ್ಮನಿರುವುದಿಲ್ಲ. ವಿಯಾಲೆ-ಎ ಟ್ರಯಲ್‌ನಲ್ಲಿ ಎಲ್ಲರಿಗೂ ಅಜಾಸಿಟಿಡಿನ್ ಸಿಕ್ಕಿತು, ಮೈಡೋಸ್ಟಾರಿನ್ ಟ್ರಯಲ್‌ನಲ್ಲಿ ಎಲ್ಲರಿಗೂ ಕೀಮೋ ಸಿಕ್ಕಿತು. ಅದರ ಮೇಲೆ ಹೊಸ ಮಾತ್ರೆಯಾ ಪ್ಲಾಸಿಬೊನಾ ಅನ್ನುವುದನ್ನು ಕಂಪ್ಯೂಟರ್ ತೀರ್ಮಾನ ಮಾಡಿತು. ಯಾವುದು ಸಿಕ್ಕಿದೆ ಅಂತ ನಿಮಗೂ ಡಾಕ್ಟರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಮನಸ್ಸು ಒಪ್ಪದಿದ್ದರೆ ಸೇರಬೇಡಿ, ಅದರಲ್ಲಿ ಸಂಕೋಚ ಬೇಡ. ಟ್ರಯಲ್ ಮೊದಲ ಹಂತದ್ದಾದರೆ, ಅಂದರೆ ಫೇಸ್ ಒನ್, ಅಲ್ಲಿ ಎಷ್ಟು ಡೋಸ್ ತಡೆಯುತ್ತದೆ ಅನ್ನುವುದೇ ಮುಖ್ಯ ಪ್ರಶ್ನೆ. ಲಾಭದ ಭರವಸೆ ಕಡಿಮೆ. ಮೂರನೇ ಹಂತಕ್ಕೆ ಬಂದ ಔಷಧದ ಬಗ್ಗೆ ಆಗಲೇ ಸಾಕಷ್ಟು ಗೊತ್ತಿರುತ್ತದೆ. ಯಾವ ಹಂತ ಅಂತ ಕೇಳದೆ ಸಹಿ ಹಾಕಬೇಡಿ.

ದುಡ್ಡಿನ ಮಾತು. ಕಂಪನಿ ನಡೆಸುವ ಟ್ರಯಲ್‌ನಲ್ಲಿ ಟ್ರಯಲ್ ಔಷಧ, ಅದಕ್ಕಾಗಿಯೇ ಮಾಡುವ ಪರೀಕ್ಷೆ ಉಚಿತ. ಆದರೆ ಪ್ಲೇಟ್ಲೆಟ್, ಸೋಂಕಿಗೆ ಆಂಟಿಬಯೋಟಿಕ್, ಐಸಿಯು ಇವೆಲ್ಲ ಯಾರ ಖರ್ಚು ಅನ್ನುವುದು ಟ್ರಯಲ್‌ನಿಂದ ಟ್ರಯಲ್‌ಗೆ ಬೇರೆ. ಆಸ್ಪತ್ರೆಗಳೇ ನಡೆಸುವ ಅಧ್ಯಯನಗಳಲ್ಲಿ ಮಾಮೂಲಿ ಚಿಕಿತ್ಸೆಯ ಭಾಗ ನಿಮ್ಮ ಮೇಲೇ ಬೀಳಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಟ್ರಯಲ್ ಜೊತೆಗೆ ಅದನ್ನು ಯಾವುದಕ್ಕೆ ಬಳಸಬಹುದು ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಬಸ್ಸು, ಊಟ, ಉಳಿಯುವ ಖರ್ಚು ಕೊಡುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಬಹಳ ಟ್ರಯಲ್‌ಗಳಲ್ಲಿ ಅದಕ್ಕೆ ಹಣ ಎತ್ತಿಟ್ಟಿರುತ್ತಾರೆ, ಟಿಕೆಟ್ ತೋರಿಸಬೇಕು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪತ್ರ ಬರೆಸಿಕೊಳ್ಳಿ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು 2017ರಿಂದ ಇದೆ. ಮಣಿಪಾಲ, ಮಂಗಳೂರು ಕಡೆಯ ಟ್ರಯಲ್ ಆದರೆ ಮಳೆಗಾಲ ನೆನಪಿರಲಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದರೆ ವಿಸಿಟ್ ತಪ್ಪುತ್ತದೆ. ಇದನ್ನು ಕೋಆರ್ಡಿನೇಟರ್‌ಗೆ ಮೊದಲೇ ಹೇಳಿ, ಆ ದಿನಗಳಲ್ಲಿ ಹತ್ತಿರವೇ ಉಳಿಯಲು ವ್ಯವಸ್ಥೆ ಕೇಳಿ. ಹೇಗೂ ಬಿಳಿ ಕಣ ನೆಲ ಕಚ್ಚಿರುವ ವಾರಗಳಲ್ಲಿ ಊರಿಗೆ ಬರುವುದು ಸರಿಯಲ್ಲ. ಜ್ವರ 100.4 ದಾಟಿದರೆ ಅದು ತುರ್ತು, ಬೆಳಿಗ್ಗೆ ತನಕ ಕಾಯುವ ಹಾಗಿಲ್ಲ.

ರಕ್ತದಾನಿಗಳಿಗೆ ಒಂದು ಮಾತು. ಮುಂದೆ ಮ್ಯಾರೋ ಕಸಿ ಆಗುವ ಸಾಧ್ಯತೆ ಇದ್ದರೆ, ಒಡಹುಟ್ಟಿದವರ, ಹತ್ತಿರದ ರಕ್ತ ಸಂಬಂಧಿಗಳ ರಕ್ತವನ್ನು ರೋಗಿಗೆ ಕೊಡದಿರುವುದು ಒಳ್ಳೆಯದು. ರೋಗಿಯ ದೇಹ ಅವರ ಕಣಗಳ ವಿರುದ್ಧ ತಿರುಗಿಬಿದ್ದರೆ ಆಮೇಲೆ ಅವರದೇ ಕಸಿ ಕಷ್ಟವಾಗುತ್ತದೆ. ಅದಕ್ಕೇ ಸಂಬಂಧ ಇಲ್ಲದ ನಿಮ್ಮಂಥ ದಾನಿಗಳು ಬೇಕು. ಕಸಿಗೆ ಸೇರಿದ ಟ್ರಯಲ್‌ಗಳೂ ಇವೆ, ಆಗ ಈ ಮುನ್ನೆಚ್ಚರಿಕೆ ಕೆಲಸಕ್ಕೆ ಬರುತ್ತದೆ.

ಇನ್ನು ಮೋಸ. "ಸ್ಟೆಮ್ ಸೆಲ್ ಟ್ರಯಲ್ ಇದೆ, ಇಷ್ಟು ಲಕ್ಷ ಕಟ್ಟಿ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ, ಸಿಟಿಆರ್‌ಐ ನಂಬರ್ ಕೇಳಿ. ನಿಜವಾದ ಟ್ರಯಲ್ ಆದರೆ ಸಿಟಿಆರ್‌ಐ, ವರ್ಷ, ತಿಂಗಳು, ಆಮೇಲೆ ಒಂದು ಸಂಖ್ಯೆ ಇರುವ ನಂಬರ್ ಕೂಡಲೇ ಕೊಡುತ್ತಾರೆ. ಅದನ್ನು ಹಾಕಿ ನೋಡಿ, ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು ತಾಳೆಯಾಗಬೇಕು. ಹೊಸ ಔಷಧದ ಹೆಸರಲ್ಲಿ ಮುಂಗಡ ಕೇಳುವವರು ಟ್ರಯಲ್ ನಡೆಸುವವರಲ್ಲ.

ಟ್ರಯಲ್ ಸಿಗದೇ ಹೋದರೆ ಮಾಮೂಲಿ ಚಿಕಿತ್ಸೆಯನ್ನೇ ಸರಿಯಾಗಿ ಪಡೆಯಿರಿ, ಅದೂ ದೊಡ್ಡದೇ. ಮೊದಲ ಕೀಮೋ ಆದ ಮೇಲಿನ ಮ್ಯಾರೋ ರಿಪೋರ್ಟ್ ಬಂದಾಗ ಮತ್ತೆ ಕೇಳಿ. ರೋಗ ಮರುಕಳಿಸಿದರೆ ಆಗ ಮತ್ತೆ ಕೇಳಿ, ಜೀನ್ ಪರೀಕ್ಷೆಯನ್ನೂ ಹೊಸದಾಗಿ ಮಾಡಿಸಿ, ಯಾಕೆಂದರೆ ಮರುಕಳಿಸಿದ ರೋಗದಲ್ಲಿ ಜೀನ್ ಬದಲಾವಣೆಗಳು ಬೇರೆ ಇರಬಹುದು, ಮೊದಲ ಸಲ ಇಲ್ಲದ ಎಫ್‌ಎಲ್‌ಟಿ3 ಈ ಸಲ ಕಾಣಿಸಬಹುದು. ಇಲ್ಲಿ ಮಾರಾಟಕ್ಕೆ ಬರದ ಔಷಧವನ್ನು ರೋಗಿಯ ಸ್ವಂತ ಬಳಕೆಗೆ ತರಿಸಲು ಕೇಂದ್ರದ ಔಷಧ ನಿಯಂತ್ರಕರ ಅನುಮತಿಯ ದಾರಿಯೂ ಇದೆ. ಡಾಕ್ಟರ ಚೀಟಿ ಬೇಕು. ಖರ್ಚು ದೊಡ್ಡದು.

ಕೊನೆಯ ಪ್ರಶ್ನೆ ಸಕಲೇಶಪುರದಿಂದ ಬಂದ ಒಬ್ಬ ಅಮ್ಮನದು. ಅವರ ಮಗ ಟ್ರಯಲ್‌ಗೆ ಸೇರುವವನಿದ್ದಾನೆ. "ಔಷಧ ಹಿಡಿದು ಹುಷಾರಾಗ್ತಾ ಇರುವಾಗಲೇ ಟ್ರಯಲ್ ಮುಗಿದುಬಿಟ್ರೆ ಔಷಧ ನಿಲ್ಲಿಸಿಬಿಡ್ತಾರಾ?" ಅಂತ ಕೇಳಿದರು. 2019ರ ನಿಯಮದಲ್ಲಿ ಇದಕ್ಕೆ ಜಾಗ ಇದೆ ಅಮ್ಮ. ಔಷಧದಿಂದ ಅವನಿಗೆ ಉಪಯೋಗ ಆಗುತ್ತಿದೆ, ಬೇರೆ ಚಿಕಿತ್ಸೆ ಇಲ್ಲ ಅಂತ ಟ್ರಯಲ್ ಡಾಕ್ಟರ್ ಶಿಫಾರಸು ಮಾಡಿ, ಎಥಿಕ್ಸ್ ಕಮಿಟಿ ಒಪ್ಪಿದರೆ, ಮುಗಿದ ಮೇಲೂ ಉಚಿತವಾಗಿ ಕೊಡಬೇಕು. ಆದರೆ ತಾನಾಗೇ ಆಗುವುದಿಲ್ಲ, ಕೇಳಬೇಕು. ನೀವು ಬರೆದು ಸಹಿಯನ್ನೂ ಹಾಕಬೇಕಾಗುತ್ತದೆ. ಹಾಗಾಗಿ ಮುಂದಿನ ವಾರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಇದೇ ಪ್ರಶ್ನೆಯನ್ನು ಡಾಕ್ಟರ್ ಹತ್ತಿರ ಕೇಳಿ, ಉತ್ತರ ಮಾಹಿತಿ ಪತ್ರದ ಯಾವ ಪುಟದಲ್ಲಿದೆ ಅಂತ ತೋರಿಸಲು ಹೇಳಿ, ಮನೆಗೆ ತರುವ ಪ್ರತಿಯಲ್ಲಿ ಆ ಪುಟ ಇದೆಯಾ ಅಂತ ನೋಡಿಕೊಳ್ಳಿ.